ಬೆವರದ ಗಡಿಗೆ

ಮಧುಗಿರಿಯ ಬೇಸಿಗೆಯಲ್ಲಿ ಹೊತ್ತು ಮುಳುಗಿದರೂ ಬೆಟ್ಟ ಆರುವುದಿಲ್ಲ. ಹಗಲೆಲ್ಲ ಕಾದ ಬಂಡೆ ಸಂಜೆಗೆ ತನ್ನ ಕಾವನ್ನು ಊರಿಗೆ ಹಂಚತೊಡಗುತ್ತದೆ. ನನ್ನ ನಿಂಬೆ ಗಿಡ ಇರುವುದು ಆ ಬೆಟ್ಟಕ್ಕೆ ಎದುರಾಗಿ, ತಾರಸಿಯ ಮೇಲೆ, ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ. ಐದು ವರ್ಷ ಬರೀ ಎಲೆ ತೋರಿಸಿ ಸತಾಯಿಸಿದ ಗಿಡ ಈ ಸಲ ಮೊದಲ ಬಾರಿಗೆ ಹನ್ನೊಂದು ಕಾಯಿ ಕಚ್ಚಿತ್ತು, ಗೋಲಿಯಷ್ಟು ದಪ್ಪ. ನೀರು ತಪ್ಪಿದರೆ ಎಲ್ಲ ಉದುರಿಹೋಗುತ್ತವೆ. ಅಂಥ ಹೊತ್ತಿಗೇ ಪಾವಗಡದ ಅಕ್ಕನಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಎಂಟು ದಿನ ನಾನೂ ಹೆಂಡತಿಯೂ ಅಲ್ಲೇ ಇರಬೇಕು.

ಪಕ್ಕದ ಮನೆಯ ಅಜ್ಜಿಗೆ ಹೇಳಿಕೊಂಡೆ. ಕುರಿಮಂದೆಯ ಹಿಂದೆ ಊರೂರು ತಿರುಗಿ ಮಂಡಿ ಸವೆಸಿಕೊಂಡ ಜೀವ, ಮೆಟ್ಟಿಲು ಹತ್ತಲಾರರು. ಆದರೂ ಉಪಾಯ ಅವರೇ ಕೊಟ್ಟರು. ಗಿಡದ ಬುಡದಲ್ಲಿ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಬಿಡುವುದು. ಗಡಿಗೆ ಬೆವರುತ್ತದೆ, ಬೇರು ತನಗೆ ಬೇಕಾದಷ್ಟು ಹೀರಿಕೊಳ್ಳುತ್ತದೆ.

ಅಂಗಡಿಯಲ್ಲಿ ಬರಿಯ ಕೆಂಪು ಗಡಿಗೆಗಳ ಪಕ್ಕದಲ್ಲೇ ಹಸಿರು ಬಣ್ಣ ಬಳಿದು ಹೂಬಳ್ಳಿ ಬರೆದದ್ದೊಂದು ಕಂಡಿತು. ಇಷ್ಟು ವರ್ಷಕ್ಕೆ ಫಲ ಕೊಟ್ಟ ಗಿಡಕ್ಕೆ ಒಂದು ಮರ್ಯಾದೆ ಬೇಡವೇ ಎಂದು ಅದನ್ನೇ ತಂದು ಹೂತೆ. ಪರೀಕ್ಷೆಗೆಂದು ಮೇಲಿಂದ ನೀರು ಹಾಕುವುದನ್ನೂ ನಿಲ್ಲಿಸಿದೆ. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ನೀರು ಒಂದು ಬೆರಳೂ ಇಳಿದಿಲ್ಲ. ಹೀಗಾದರೆ ಎಂಟು ದಿನವೇನು, ತಿಂಗಳಿಗೂ ಸಾಕು ಎಂದು ಬೀಗಿದೆ. ಎಲೆ ಮುದುರಿದ್ದು ಕಂಡಿತು, ಬಿಸಿಲಿಗಿರಬೇಕು ಅಂದುಕೊಂಡೆ. ಕೆಳಗಿಳಿದು ಕಾಂಪೌಂಡಿನ ಮೇಲಿಂದ ಅಜ್ಜಿಗೆ ವರದಿ ಒಪ್ಪಿಸಿದೆ.

ಕಡಲೆಕಾಯಿ ಸುಲಿಯುತ್ತಿದ್ದ ಅವರ ಕೈ ನಿಂತಿತು. "ಎಂಥ ಗಡಿಗೆ ಇಕ್ಕಿದ್ದೀಯಪ್ಪಾ?"

ಬಣ್ಣದ್ದು ಎಂದೆ. ಹೂಬಳ್ಳಿಯನ್ನೂ ವರ್ಣಿಸಿದೆ.

"ಗಿಡ ಕುಡುದ್ರೆ ತಾನೆ ನೀರು ಇಳಿಯೋದು? ಬಣ್ಣ ಬಳುದ್ಬುಟ್ರೆ ಗಡಿಗೆ ಎಲ್ಲಿಂದ ಬೆವರ್ತದೆ? ಅದು ಬಾಯಾರಿ ಕುಂತೈತೆ, ನೀನು ನೀರು ಉಳೀತು ಅಂತ ಕುಣೀತಿದ್ದೀಯ."

ಒಳಗೆ ಹೆಂಡತಿ ನಕ್ಕದ್ದು ಕೇಳಿಸಿತು. ಮಾರನೆಯ ಬೆಳಗಿಗೇ ಬಸ್ಸು. ಅಂಗಡಿಗೆ ಓಡಿದರೆ ಬಾಗಿಲು ಹಾಕಿತ್ತು. ವಾಪಸು ಬಂದಾಗ ಅಜ್ಜಿ ಒಂದು ಇಟ್ಟಿಗೆ ಚೂರು ಹಿಡಿದು ಕಾಯುತ್ತಿದ್ದರು, ಉಜ್ಜು ಎಂದರು. ಗಡಿಗೆ ಕಿತ್ತು, ಗಿಡಕ್ಕೆ ಎರಡು ಬಿಂದಿಗೆ ನೀರು ಸುರಿದು, ನೆರಳಲ್ಲಿ ಕೂತು ಉಜ್ಜಿದೆ. ಹೂವು ಹೋಯಿತು, ಬಳ್ಳಿ ಹೋಯಿತು, ನನ್ನ ಉಗುರಿನ ಅಂಚೂ ಹೋಯಿತು. ಸಂಜೆ ನೀರು ತುಂಬಿ ಕಟ್ಟೆಯ ಮೇಲಿಟ್ಟು ಕಾದೆ. ನಿಧಾನವಾಗಿ ಅದರ ಕೆಂಪು ಮೈಯಲ್ಲಿ ತೇವ ಮೂಡಿತು. ಅಂಗೈ ಇಟ್ಟರೆ ತಣ್ಣಗೆ. ಮತ್ತೆ ಹೂತು, ಮಣ್ಣಿನ ಮೇಲೆ ಕಡಲೆಕಾಯಿ ಸಿಪ್ಪೆ ಹರಡಿ, ಹಳೆ ಸೀರೆಯ ನೆರಳು ಕಟ್ಟಿ, ಬೆಳಗ್ಗೆ ಹೊರಟೆವು.

ಪಾವಗಡದಲ್ಲಿ ಅಕ್ಕನ ಕಣ್ಣಿಗೆ ಔಷಧಿಯ ಹನಿ ಬಿಡುವಾಗಲೆಲ್ಲ ಗಿಡದ ಮಾತೇ. "ನನ್ ಕಣ್ಣಿಗಿಂತ ನಿನ್ ಕಾಯೇ ಹೆಚ್ಚಾಯ್ತೇನೋ" ಎಂದಳು ಅವಳು.

ಒಂಬತ್ತನೆಯ ದಿನ ಹೆಗಲ ಚೀಲವನ್ನೂ ಇಳಿಸದೆ ತಾರಸಿ ಹತ್ತಿದೆ. ಎರಡು ಕಾಯಿ ಕೆಳಗೆ ಬಿದ್ದಿದ್ದವು. ಮಿಕ್ಕವು ಕೊಂಬೆಯಲ್ಲೇ ಇದ್ದವು, ಹೋಗುವಾಗ ಇದ್ದದ್ದಕ್ಕಿಂತ ತುಸು ತುಂಬಿಕೊಂಡು. ಗಡಿಗೆ ಬರಿದಾಗಿತ್ತು, ಆದರೆ ಸಿಪ್ಪೆ ಸರಿಸಿ ಬೆರಳು ಊರಿದರೆ ಮಣ್ಣು ಇನ್ನೂ ತಂಪು. ಕಾದ ತಾರಸಿಯ ಮೇಲೇ ಕುಕ್ಕರಿಸಿಬಿಟ್ಟೆ.

ಕೆಳಗಿನಿಂದ ಅಜ್ಜಿ ಕೇಳಿದರು, "ಐತೇನಪ್ಪಾ?"

"ಐತೆ ಅಜ್ಜಿ."

"ಮತ್ತೆ ನೀನ್ಯಾಕೆ ಅಲ್ಲಿ ಒಣಗ್ತಿದ್ದೀಯಾ? ಗಡಿಗೆ ತುಂಬ್ಸಿ ಇಳ್ಕೊಂಡ್ ಬಾ, ಮಜ್ಜಿಗೆ ಐತೆ."