ಡ್ಯೂಟಿಗೆ ಮೊದಲಿನ ಐದು ನಿಮಿಷ

ಮೊನ್ನೆ ವಾರ್ಡಿನ ಬೀರು ಖಾಲಿ ಮಾಡುವಾಗ, ಔಷಧ ಕಂಪನಿಯವರು ಪುಕ್ಕಟೆ ಹಂಚುವ ಅಂಗೈ ಅಗಲದ ನೋಟ್‌ಬುಕ್ಕೊಂದು ಸಿಕ್ಕಿತು. ಏನೂ ಬರೆದಿರಲಿಲ್ಲ. ಹಾಳೆಗಳಿಗೆಲ್ಲ ಸ್ಪಿರಿಟ್ಟಿನ ವಾಸನೆ. ನಮ್ಮ ಹೆಡ್ ಸಿಸ್ಟರ್ ಜೇಬಿನಲ್ಲಿ ಸದಾ ಇಂಥದೇ ಒಂದು ಇರುತ್ತಿತ್ತು...

ಹಲಸೂರಿನ ಈ ನರ್ಸಿಂಗ್ ಹೋಮಿಗೆ ಸೇರಿದ ಹೊಸತರಲ್ಲಿ ನಾನು ಕೆ.ಆರ್. ಪುರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಬಂದವಳೇ ಓಡಾಟಕ್ಕೆ ಬೀಳುತ್ತಿದ್ದೆ. ಯಾರು ಕರೆದರೆ ಅವರ ಕಡೆ. ಡ್ರಿಪ್ ಬದಲಿಸುವಾಗ ಬಿ.ಪಿ. ನೋಡಬೇಕಿದ್ದದ್ದು ನೆನಪಾಗುತ್ತಿತ್ತು, ಬಿ.ಪಿ. ನೋಡುವಾಗ ಇನ್ಯಾರದೋ ಮಾತ್ರೆ. ಎರಡು ಗಂಟೆಗೆ ಡ್ಯೂಟಿ ಮುಗಿದರೂ ಚಾರ್ಟುಗಳನ್ನು ಬರೆದೇಳುವಷ್ಟರಲ್ಲಿ ನಾಲ್ಕಾಗುತ್ತಿತ್ತು.

ಒಂದು ಮಧ್ಯಾಹ್ನ ಮುಂದಿನ ಪಾಳಿಯ ನರ್ಸ್ ಅಜ್ಜನೊಬ್ಬನಿಗೆ ಇನ್ಸುಲಿನ್ ಕೊಡಲು ಸಿರಿಂಜ್ ತುಂಬಿಕೊಂಡು ನಿಂತಿದ್ದಳು. ಅದನ್ನು ನಾನು ಆಗಲೇ ಕೊಟ್ಟಾಗಿತ್ತು, ಚಾರ್ಟಿನಲ್ಲಿ ಬರೆದಿರಲಿಲ್ಲ. ಹೆಡ್ ಸಿಸ್ಟರ್ ಅವಳ ಕೈ ತಡೆದು ನನ್ನ ಕಡೆ ತಿರುಗಿದರು.

"ಕೊಟ್ಯಾ?"

"ಕೊಟ್ಟೆ ಅನ್ಸುತ್ತೆ ಸಿಸ್ಟರ್..."

ಅಜ್ಜನೇ ಹೊಟ್ಟೆ ತೋರಿಸಿ, "ಆಗ್ಲೇ ಚುಚ್ಚಿದ್ಳಲ್ಲಮ್ಮ" ಎಂದ. ಆತ ನಿದ್ದೆಯಲ್ಲಿದ್ದಿದ್ದರೆ? ಹೆಡ್ ಸಿಸ್ಟರ್ ಬೈಯಲಿಲ್ಲ. "ತಲೇಲಿ ಇಟ್ಕೋಬೇಡಮ್ಮ, ಅಲ್ಲಿ ಜಾಗ ಇಲ್ಲ. ಕೊಟ್ಟ ತಕ್ಷಣ ಬರಿ" ಎಂದರು.

ಮರುದಿನದಿಂದ ಬಂದ ಕೂಡಲೇ ಐದು ನಿಮಿಷ ಕೂರಿಸತೊಡಗಿದರು. ಯಾವ ಬೆಡ್ಡಿಗೆ ಎಷ್ಟು ಗಂಟೆಗೆ ಏನು ಅಂತ ಬರೆಸುತ್ತಿದ್ದರು. ಹನ್ನೊಂದು ಗಂಟೆಯ ಸಾಲಿನಲ್ಲಿ ಮಾತ್ರ ಏನೂ ಬರೆಯಗೊಡದೆ ಖಾಲಿ ಬಿಡಿಸುತ್ತಿದ್ದರು. "ಯಾರಾದ್ರೂ ಸೀರಿಯಸ್ ಆದ್ರೆ ಎಲ್ಲಿಂದ ತರ್ತೀಯ ಟೈಮು?" ಮೊದಮೊದಲು ನನಗೆ ಅದು ಕಾಟವೆನಿಸಿತ್ತು. ಎರಡು ತಿಂಗಳಲ್ಲಿ ಎರಡೂವರೆಯ ಬಸ್ಸು ಸಿಗತೊಡಗಿತು.

ಹಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅವರು ನನ್ನನ್ನು ಡ್ರೆಸ್ಸಿಂಗ್ ರೂಮಿಗೆ ಕರೆದು ಬಾಗಿಲು ಹಾಕಿಕೊಂಡರು. ಜೇಬಿನ ಆ ಪುಟ್ಟ ನೋಟ್‌ಬುಕ್ ಬಿಚ್ಚಿ ತೋರಿಸಿದರು. ಒಂದೇ ಪುಟದಲ್ಲಿ ಒಂದೇ ಬೆಡ್ಡಿನ ಒಂದೇ ಹೊತ್ತಿನ ಮಾತ್ರೆಯನ್ನು ಮೂರು ಸಲ ಬರೆದಿದ್ದರು. ಕೆಳಗೆ ತಮ್ಮ ಮನೆಯ ದಾರಿ: ಕೋಲ್ಸ್ ಪಾರ್ಕ್, ಎಡಕ್ಕೆ, ಹಸಿರು ಗೇಟು.

"ಬರೆದಿದ್ದನ್ನೇ ಮರೀತಿದೀನಿ ಕಣಮ್ಮ."

"ನಾನಿದೀನಲ್ಲ ಸಿಸ್ಟರ್, ನಿಮ್ಮ ಹಿಂದೇನೇ ಒಂದ್ಸಲ ನೋಡ್ಕೊಂಡು ಬರ್ತೀನಿ."

"ಪೇಷಂಟ್‌ಗಳ ಮೇಲೆ ಇಂಥ ಆಟ ಆಡ್ಬಾರ್ದು" ಎಂದರು. ಅವತ್ತೇ ಡಾಕ್ಟರಿಗೆ ರಾಜೀನಾಮೆ ಕೊಟ್ಟರು. ರಿಸೆಪ್ಷನ್ನಿನಲ್ಲಿ ಕೂತಿರಿ ಎಂದು ಡಾಕ್ಟರು ಎಷ್ಟು ಹೇಳಿದರೂ ಒಪ್ಪಲಿಲ್ಲ. ವಾರವಿಡೀ ನನಗೆ ಒಂದೊಂದೇ ಕೆಲಸ ಒಪ್ಪಿಸಿ, ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೊರಟರು. ಗೇಟಿನವರೆಗೂ ಹೋಗಿ ಬಿಟ್ಟುಬಂದೆ. ಇಬ್ಬರೂ ಅಳಲಿಲ್ಲ, ವಿಸಿಟಿಂಗ್ ಅವರ್ಸ್ ಆಗಿತ್ತು.

ಅವರ ಮನೆಗೆ ಎರಡು ಸಲ ಹೋಗಿದ್ದೆ. ಎರಡನೇ ಸಲ ನನ್ನನ್ನು ಬಿ.ಪಿ. ನೋಡಲು ಬಂದ ಯಾರೋ ಹುಡುಗಿ ಎಂದುಕೊಂಡು ತೋಳು ಮುಂದೆ ಮಾಡಿದರು. ನೋಡಿದೆ, ನಾರ್ಮಲ್ ಇತ್ತು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮರುದಿನ...

ಈಗ ಇಲ್ಲಿ ಹೆಡ್ ಸಿಸ್ಟರ್ ನಾನೇ. ಕೆಲಸ ಗಂಟೆ ಗಂಟೆಗೂ ಸರಿಯಾಗಿ ನಡೆಯುತ್ತದೆ, ಕೆಲವು ದಿನ ಮೈ ಮಾತ್ರ ಏಳುವುದಿಲ್ಲ. ಸಿಸ್ಟರ್, ಇವತ್ತು ನನ್ನ ಕೈಲಾಗುವುದಿಲ್ಲ ಎಂದು ಹೇಳಿಕೊಳ್ಳಲು ನನಗಿಂತ ಹಿರಿಯರು ಈ ವಾರ್ಡಿನಲ್ಲಿ ಯಾರೂ ಉಳಿದಿಲ್ಲ.