ನಿಂತ ಪಂಪಿನ ಗೆರೆ

ಎಂ.ಟೆಕ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ತಂಡ ಕಟ್ಟಿದ ರೀತಿಯೇ ಸರಿಯಿರಲಿಲ್ಲ. ನಾರಾಯಣಗೂಡದ ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಸುತ್ತ ತೆಲುಗು, ಹಿಂದಿ. ನಡುವೆ ಕನ್ನಡ ಕೇಳಿಸಿತು, ಕೇಳಿಸಿದ್ದೇ ತಂಡವಾಯಿತು. ಯಾರಿಗೆ ಏನು ಕೆಲಸ ಬರುತ್ತದೆಂದು ಯಾರೂ ಕೇಳಲಿಲ್ಲ. ಪಟಾನ್‌ಚೆರುವಿನ ಪಂಪು ರಿಪೇರಿ ಶೆಡ್ಡಿನಲ್ಲಿ ದುಡಿದು ಬಂದವನು ನಾನು. ಹಳೆಯ ಬೇರಿಂಗನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸದೆ ಕೊಂಡವನಲ್ಲ. ನೀವು ಮನುಷ್ಯರನ್ನೂ ಹಾಗೇ ತಿರುಗಿಸಿ ನೋಡಿ.

ಪಂಪಿನ ನಡುಕ ಅಳೆದು, ಬೇರಿಂಗು ಕೆಡುವುದನ್ನು ಮೊದಲೇ ಹೇಳುವ ಯಂತ್ರ ನಮ್ಮ ವಿಷಯ. ಪಂಪಿನ ಹೊಣೆ ನನ್ನದು. ವರದಿ ಸಿಕಂದರಾಬಾದಿನಿಂದ ಬರುತ್ತಿದ್ದ ಹುಡುಗಿಯದು. ಅವಳ ಮನೆಯವರು ಕಲಬುರಗಿ ಕಡೆಯವರು. ಯಂತ್ರ ಮಾಡಬೇಕಾದವನು ರಕ್ಷಣಾ ಕಾರ್ಖಾನೆಯ ನೌಕರರೊಬ್ಬರ ಮಗ. ತಿಂಗಳುಗಟ್ಟಲೆ ಏನೂ ತೋರಿಸದವನು, ಪರೀಕ್ಷಕರು ಬರುವ ಹಿಂದಿನ ವಾರ ಒಂದು ನೀಲಿ ಡಬ್ಬಿ ತಂದಿಟ್ಟ. ಮೈಮೇಲೆ ಒಂದು ಗೀರೂ ಇಲ್ಲ.

“ಮಾಡೂವಾಗ ಏನೇನು ಸುಟ್ಟಿತು?” ಎಂದು ಕೇಳಿದೆ.

“ಏನೂ ಸುಟ್ಟಿಲ್ಲರಿ. ಮೊದಲನೇ ಸಲಕ್ಕ ಬಂತು.”

ಅಲ್ಲೇ ನನಗೆ ಅನುಮಾನ. ಕೈಯಾರೆ ಮಾಡಿದವನ ಹತ್ತಿರ ಕೆಟ್ಟಿದ್ದರ ಕಥೆ ಇದ್ದೇ ಇರುತ್ತದೆ. ರೆಡಿಮೇಡ್ ಪ್ರಾಜೆಕ್ಟು ಮಾರುವ ಅಂಗಡಿಗಳಿಗೆ ಈ ಊರಲ್ಲೇನು ಬರವೇ? ಸಿಕ್ಕಿಬಿದ್ದರೆ ಮೂವರ ಪದವಿಯೂ ಹೋಗುತ್ತಿತ್ತು. ಆ ಪದವಿಗಾಗಿಯೇ ನಾನು ಶೆಡ್ಡಿನ ಕೆಲಸ ಬಿಟ್ಟು ಬಂದಿದ್ದೆ.

ಲ್ಯಾಬಿನಲ್ಲಿ ಅವನು ಡಬ್ಬಿಯ ವೈರನ್ನು ಪಂಪಿಗೆ ಅಂಟಿಸಿದ. ಪರದೆಯ ಮೇಲೆ ನಡುಕದ ಗೆರೆ ಅಂದವಾಗಿ ಕುಣಿಯಿತು. ನಾನು ಹಿಂದೆ ಹೋಗಿ ಪಂಪಿನ ಸ್ವಿಚ್ಚು ಆರಿಸಿದೆ. ಪಂಪು ನಿಂತಿತು. ಗೆರೆ ಕುಣಿಯುತ್ತಲೇ ಇತ್ತು. ಡಬ್ಬಿಯೊಳಗೆ ಮೊದಲೇ ತುಂಬಿಸಿಟ್ಟ ಯಾವುದೋ ಹಳೆಯ ರೆಕಾರ್ಡು.

“ಸತ್ತ ಪಂಪಿನ ನಾಡಿ ಭಾಳ ಛಂದ ಬಡಿಯಾಕತ್ತೈತಿ ನೋಡ್ರಿ,” ಎಂದಳು ಹುಡುಗಿ.

ಅವನು ತಲೆ ಎತ್ತಲಿಲ್ಲ. “ಪರೀಕ್ಷಕರು ಸ್ವಿಚ್ ಎಲ್ಲಿ ಆರಸ್ತಾರ್ರಿ? ಗೆರಿ ನೋಡ್ತಾರ, ಚಾ ಕುಡೀತಾರ, ಹೋಗ್ತಾರ.”

“ನಾ ಆರಿಸಿದೆನಲ್ಲ. ಅವರಿಗೆ ಕೈ ಇಲ್ಲೇನು?”

ಪ್ರಾಜೆಕ್ಟಿನ ಗೈಡ್‌ಗೆ ಹೇಳಿಬಿಡೋಣ ಎಂದಳು ಹುಡುಗಿ. ಹೇಳಿದರೆ ಮೂವರೂ ಮುಳುಗುತ್ತೇವೆ ಎಂದು ನಾನು ಒಪ್ಪಲಿಲ್ಲ. ಚೌಕಾಸಿ ಮಾಡುವವನು ಎದುರಿನವನಿಗೆ ಹೊರಹೋಗಲು ಒಂದು ಬಾಗಿಲು ಬಿಟ್ಟಿರಬೇಕು. “ತಂಡದಾಗ ನಿನ್ನ ಹೆಸರು ಇರತೈತಿ. ಡಬ್ಬಿ ಬಿಚ್ಚು. ಸೆನ್ಸರ್ ಖರೇದು ಇದ್ರ ಇಟ್ಕೊಳ್ಳೋಣು, ಉಳಿದದ್ದು ನಮ್ಮ ಮುಂದ ಕುಂತು ಮಾಡು,” ಎಂದು ಅವನಿಗೆ ಹೇಳಿದೆ. ಒಪ್ಪಿದ.

ಆ ವಾರವೆಲ್ಲ ಅವನನ್ನು ಕಣ್ಣಿನಿಂದಾಚೆ ಬಿಡಲಿಲ್ಲ. ಚಹಾಕ್ಕೆ ಎದ್ದರೂ ಹಿಂದೆ ಹೋದೆ. “ಪೊಲೀಸರ ಮನಿ ಅಳಿಯ ಏನ್ರಿ ನೀವು?” ಎಂದು ಹುಡುಗಿ ನನ್ನನ್ನು ಕೆಣಕಿದಳು. ಅವನ ಕೈಯಲ್ಲಿ ಎರಡು ಚಿಪ್‌ಗಳು ಸುಟ್ಟವು. ನನಗೆ ಸ್ವಲ್ಪ ಸಮಾಧಾನವಾಯಿತು.

ಪರೀಕ್ಷೆಯ ದಿನ ಗೆರೆ ಸೊಟ್ಟಸೊಟ್ಟಗೆ ಬಂತು. ಪರೀಕ್ಷಕರು ಸ್ವಿಚ್ಚು ಮುಟ್ಟಲೇ ಇಲ್ಲ. ಗೆರೆ ಯಾಕೆ ಹೀಗೆ ಎಂದು ಅವನನ್ನೇ ಕೇಳಿದರು. ಸೆನ್ಸರಿನ ಅಂಟು ಸಡಿಲವಾಗಿದೆ ಎಂದು ಅವನು ತಡವರಿಸದೆ ಹೇಳಿದ. ಅವರು ತಲೆಯಾಡಿಸಿದರು. ಸಾಧಾರಣ ಅಂಕಗಳಲ್ಲಿ ಮೂವರೂ ಪಾಸಾದೆವು.

ಆ ಬೆಳಿಗ್ಗೆ ಅಂಟು ಹಾಕಿದವನು ನಾನು. ಅದು ಸಡಿಲವಿರಲಿಲ್ಲ.