ಎಡಗೈ ಕಸೂತಿ ಎಂಬ ಟ್ಯಾಗು

ಚೀಟಿಯಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅರ್ಧ ಆಯುಷ್ಯವನ್ನು ಬಟ್ಟೆ ಅಂಗಡಿಯಲ್ಲಿ ಸವೆಸಿದವಳು. ಚೀಟಿ ಅಂಟಿಸದ ಡಬ್ಬ ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಗಂಡ ಕಣ್ಣು ಮುಚ್ಚಿದರೆ ಅವನ ಹಣೆಗೂ ಒಂದು ಅಂಟಿಸಿಯಾಳು ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು.

ಅಂಗಡಿ ಬಿಟ್ಟ ಮೇಲೆ ಅವಳು ಸೇರಿದ್ದು, ಮನೆಯಲ್ಲಿ ಏಟು ತಿಂದು ಓಡಿಬಂದ ಹೆಂಗಸರಿಗೆ ನೆರಳು ಕೊಡುವ ಒಂದು ಸಣ್ಣ ಸಂಸ್ಥೆಗೆ. ಅಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಸಂಸ್ಥೆಯ ಫೋಟೋಗಳೆಲ್ಲ ಒಂದೇ ವೆಬ್ ಪುಟಕ್ಕೆ ಹೋಗುತ್ತಿದ್ದವು. ಎಲ್ಲೆಲ್ಲೋ ಕೂತ ಸ್ವಯಂಸೇವಕರು ಅವಕ್ಕೆ ಟ್ಯಾಗ್ ಹಚ್ಚುತ್ತಿದ್ದರು. ‘ಕಸೂತಿ’ ಎಂದು ಹುಡುಕಿದರೆ ಕಸೂತಿಯ ಫೋಟೋಗಳೆಲ್ಲ ಸಾಲಾಗಿ ಬಂದು ನಿಲ್ಲಬೇಕು, ನೋಡಿದವರು ಸಹಾಯಕ್ಕೆ ಬರಬೇಕು. ಅಯ್ಯೋ, ನಮ್ಮ ಅಕ್ಕನಿಗೆ ಇದಕ್ಕಿಂತ ಇನ್ನೇನು ಬೇಕು! ಪುಟದಲ್ಲಿ ಫೋನ್ ನಂಬರ್ ಮಾತ್ರ ಇತ್ತು, ವಿಳಾಸ ಇರಲಿಲ್ಲ. ನಿಯಮ ಒಂದೇ: ಮುಖ ಬೇಡ, ಹೆಸರು ಬೇಡ. ಅದನ್ನವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಲಿಸಿದಳು.

ಒಂದು ಮಧ್ಯಾಹ್ನ ಫೋನ್ ಬಂತು. ಗಂಡಸಿನ ಧ್ವನಿ, ಬೆಣ್ಣೆ ಹಚ್ಚಿದ ಮಾತು. ಕಸೂತಿ ಬಲು ಚೆನ್ನಾಗಿದೆ ಎಂದ, ಒಂದಿಷ್ಟು ದಿಂಬಿನ ಕವರ್ ಬೇಕು ಎಂದ. ಅಕ್ಕ ಹಿಗ್ಗಿ ಹೀರೇಕಾಯಿ ಆದಳು. ಆಮೇಲೆ ಅವನು ತಣ್ಣಗೆ ಹೇಳಿದ:

“ಆ ಎಡಗೈಯವಳಿಗೆ ಹೇಳಿಬಿಡಿ. ಬೀದಿ ಯಾವುದು ಅಂತ ಗೊತ್ತಾಗಿದೆ. ನಾನೇ ಬಂದು ಕರ್ಕೊಂಡು ಹೋಗ್ತೀನಿ.”

ಅಕ್ಕ ಫೋನ್ ಕುಕ್ಕಿದಳು. ಕಂಪ್ಯೂಟರಿನ ಮುಂದೆ ಕೂತು ಪುಟ ತೆರೆದಳು. ಫೋಟೋದಲ್ಲಿ ಬರೀ ಎರಡು ಕೈ, ಸೂಜಿ, ಹಸಿರು ದಾರ, ಹಿಂದೊಂದು ಕಿಟಕಿ. ಕೆಳಗೆ ಅವಳೇ ಮೆಚ್ಚಿ ಹಚ್ಚಿದ ಟ್ಯಾಗು: ‘ಎಡಗೈ ಕಸೂತಿ’. ಅದರ ಪಕ್ಕದಲ್ಲಿ, ಕಿಟಕಿಯಾಚೆ ಕಂಡದ್ದನ್ನು ಗುರುತಿಸಿ ಇನ್ಯಾರೋ ಪುಣ್ಯಾತ್ಮ ಸೇರಿಸಿದ್ದ: ‘ಗಡಿಯಾರ ಗೋಪುರದ ಹಿಂಬೀದಿ’. ಒಬ್ಬರು ಆಳನ್ನು ಹೇಳಿದರು, ಇನ್ನೊಬ್ಬರು ಜಾಗ ಹೇಳಿದರು. ಕೆಟ್ಟದ್ದು ಯಾರ ಮನಸ್ಸಿನಲ್ಲೂ ಇರಲಿಲ್ಲ. ಆದರೂ ಬೇಲಿಯೇ ಎದ್ದು ಹೊಲ ಮೇಯ್ದಿತ್ತಲ್ಲ! ಅಕ್ಕ ಎರಡನ್ನೂ ಅಳಿಸಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

ವಿಷಯ ಕೇಳಿ ಸಂಸ್ಥೆಯ ಮೇಲ್ವಿಚಾರಕಿ ಬೈಯಲಿಲ್ಲ; ಬೈದಿದ್ದರೇ ಚೆನ್ನಾಗಿತ್ತು. ವ್ಯಾನ್ ತರಿಸಿದಳು, ಆ ಹೆಂಗಸನ್ನು ಈಗಿಂದೀಗಲೇ ಬೇರೆ ಊರಿಗೆ ಕಳಿಸಬೇಕು ಎಂದಳು. ಆಕೆ ಆಗಲೇ ಬಟ್ಟೆ ಮಡಚುತ್ತಿದ್ದಳು. ಇಲ್ಲಿಗೆ ಬಂದ ಮೇಲೇ ನೆಟ್ಟಗೆ ನಿದ್ದೆ ಮಾಡಲು ಕಲಿತವಳು. ಅಕ್ಕ ಬಾಗಿಲಲ್ಲಿ ನಿಂತು ತೊದಲಿದಳು: ಮುಖ ಹಾಕಿರಲಿಲ್ಲ, ಹೆಸರು ಹಾಕಿರಲಿಲ್ಲ, ಹಾಗಿದ್ದೂ ಅವನಿಗೆ ಹೇಗೆ ಸಿಕ್ಕಿತು?

“ಮುಖ ಅವನು ಯಾವತ್ತು ನೋಡಿದ್ದ ಅಕ್ಕಾ? ಎಡಗೈಲಿ ಕೆಲಸ ಮಾಡ್ತೀನಿ ಅಂತ ತಾನೇ ಹೊಡೀತಿದ್ದಿದ್ದು. ಹುಡುಕೋಕೆ ಕೂತ್ರೆ ಅವನು ಮೊದಲು ಹುಡುಕೋದೇ ಈ ಕೈನ.”

ಅಕ್ಕ ಒಳಗೆ ಬಂದು ಉಳಿದ ಬಟ್ಟೆಯನ್ನು ಮಡಚಿ ಚೀಲಕ್ಕೆ ತುಂಬಿದಳು. ಹಿಂಬಾಗಿಲಲ್ಲಿ ವ್ಯಾನ್ ಬಂದು ನಿಂತಿತು. ಆಕೆ ಎಡಗೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಹತ್ತಿದಳು, ಅಭ್ಯಾಸವಿಲ್ಲದ ಬಲಗೈಯಲ್ಲಿ ಬಾಗಿಲು ಎಳೆದುಕೊಳ್ಳಲು ಒದ್ದಾಡಿದಳು. ಕೊನೆಗೆ ಅಕ್ಕನೇ ಹೊರಗಿನಿಂದ ತಳ್ಳಿ ಮುಚ್ಚಬೇಕಾಯಿತು.